ಕೆಳಗಿನ ಗುಂಡಿಯಿಂದ

ಉಗುರು ಕತ್ತರಿಸಿದ್ದಾರೆ, ಹತ್ತೂ ಬೆರಳಿನದು, ತೀರ ಒಳಕ್ಕೆ ಹೋಗದ ಹಾಗೆ, ಕಿರುಬೆರಳಿನ ಮೂಲೆಯಲ್ಲಿ ಕೂಡ ಕೊಳೆಯಿಲ್ಲ — ಬದರಿಯ ಕೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು ಕೂತ ಆದಿಲಕ್ಷ್ಮಿ ದೂರದಿಂದ ನೋಡಿದವರಿಗೆ ತಮ್ಮನ ಕೈ ನೇವರಿಸುತ್ತಿರುವಂತೆ ಕಾಣಬೇಕು, ಅವಳು ನೇವರಿಸುತ್ತಿಲ್ಲ, ನೋಡುತ್ತಿದ್ದಾಳೆ, ಪ್ರತಿ ತಿಂಗಳ ಎರಡನೆಯ ಭಾನುವಾರ ಹೊಸೂರಿನಲ್ಲಿ ಬಸ್ಸು ಹತ್ತಿ ಸೂಳಗಿರಿಯಲ್ಲಿ ಇಳಿದು ಒಂದು ಮೈಲಿ ನಡೆದು ಬಂದು ಅವಳು ಮಾಡುವ ಮೊದಲ ಕೆಲಸ ಇದೇ, ಯಾರಿಗೂ ಗೊತ್ತಾಗದ ಹಾಗೆ ತಮ್ಮನ ಮೈಯನ್ನು ಓದುವುದು, ಮಣಿಕಟ್ಟು, ಕಿವಿಯ ಹಿಂಭಾಗ, ಕತ್ತಿನ ಮಡಿಕೆ, ಚಪ್ಪಲಿ ಸರಿಮಾಡುವ ನೆಪದಲ್ಲಿ ಬಗ್ಗಿ ಹಿಮ್ಮಡಿ, ಹಿಮ್ಮಡಿ ಒಡೆದಿಲ್ಲ, ಎಣ್ಣೆ ಹಚ್ಚಿದ್ದಾರೆ, ಒಳ್ಳೆಯದು, ಆದರೆ ಒಳ್ಳೆಯದೆಂದು ಕಂಡಾಗಲೂ ಅವಳಿಗೆ ಸಮಾಧಾನವಿಲ್ಲ, ಭಾನುವಾರಕ್ಕೆಂದೇ ಮಾಡಿದ್ದೋ ಏನೋ, ಇನ್‌ಸ್ಪೆಕ್ಟರು ಬರುವ ದಿನ ತನ್ನ ಶಾಲೆಯಲ್ಲೇ ಗೋಡೆಯ ಹಳೆಯ ಚಾರ್ಟುಗಳ ಮೇಲೆ ಹೊಸದು ಬೀಳುವುದಿಲ್ಲವೇ, ಉಳಿದ ಇಪ್ಪತ್ತೊಂಬತ್ತು ದಿನದ ಬದರಿಯನ್ನು ನೋಡಿದವರು ಯಾರು — ಮೂರು ವರ್ಷದಿಂದ ಹೀಗೇ ಹುಡುಕುತ್ತಿದ್ದಾಳೆ, ಮೂರು ವರ್ಷದಿಂದ ಏನೂ ಸಿಕ್ಕಿಲ್ಲ, ಸಿಗದಿದ್ದಷ್ಟೂ ತಾನು ಸರಿಯಾದ ಜಾಗದಲ್ಲಿ ನೋಡುತ್ತಿಲ್ಲವೇನೋ ಅನ್ನಿಸುತ್ತದೆ. ಜಗಲಿ ತಣ್ಣಗಿದೆ. ಬದರಿಯಂಥವರನ್ನು ಇರಿಸಿಕೊಂಡು ನೋಡಿಕೊಳ್ಳುವ ಈ ಆಶ್ರಯ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಮನೆ, ಉದ್ದನೆಯ ಹಜಾರ, ನೊಣ ಬಾರದಂತೆ ಕಿಟಕಿಗೆಲ್ಲ ಜಾಲರಿ, ಹುಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳು ಈಗಲೂ ಗೋಡೆಗೆ ಒರಗಿ ನಿಂತಿವೆ, ಚಾಪೆಯಷ್ಟು ಅಗಲ, ಹೊರಗಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೋಗುವ ಬಿದಿರ ಪಟ್ಟಿ, ಬದರಿ ಒಂದು ಬೆರಳನ್ನು ಆ ಸುತ್ತಿನೊಳಗಿಟ್ಟು ನಡುಮಧ್ಯದವರೆಗೆ ಹೋಗಿ ಮತ್ತೆ ಅದೇ ದಾರಿಯಲ್ಲಿ ಹೊರಗೆ ಬರುತ್ತಾನೆ, ಒಂದು ಸುತ್ತೂ ತಪ್ಪುವುದಿಲ್ಲ, ಅವಳು ತಂದ ಕೋಡುಬಳೆಯನ್ನು ಉಂಗುರದ ಹಾಗೆ ಬೆರಳಿಗೆ ತೊಟ್ಟು ತಿರುಗಿಸಿ ನೋಡಿಯೇ ಕಚ್ಚುತ್ತಾನೆ, ಮೂವತ್ತು ವರ್ಷದ ಗಂಡಸು, ಮೀಸೆಯಲ್ಲಿ ಒಂದು ಬಿಳಿ ಕೂದಲು, ಹೋದ ತಿಂಗಳು ಇರಲಿಲ್ಲ ಅದು. ಕೊಂಡಪ್ಪ ಬಂದು ಎದುರಿಗೆ ನಿಂತ, ಇಲ್ಲಿನ ಎಲ್ಲರಿಗಿಂತ ಹಳಬ, ಬಂದವರನ್ನೆಲ್ಲ ಅವನು ಕೇಳುವುದು ಒಂದೇ, ನಿಮ್ ಬಸ್ ನಂಬರ್ ಎಷ್ಟು, ಅವಳು ಪರ್ಸಿನಿಂದ ಚೀಟಿ ತೆಗೆದು ಓದಿದಳು, ಎರಡು ಸಾವಿರದ ನೂರ ಹದಿನಾಲ್ಕು ಕೊಂಡಪ್ಪಣ್ಣ, ಹೋದ್ ತಿಂಗ್ಳು ಸಾವಿರದ ಒಂಬೈನೂರ ಎಂಟಲ್ವಾ, ಹೂಂ ಅದೇ, ಸರಿ ಕೂತ್ಕಳಿ. ಮೊದಲ ವರ್ಷ ಒಂದು ಸಲ ನೆನಪಾಗದೆ ಬಾಯಿಗೆ ಬಂದ ಸಂಖ್ಯೆ ಹೇಳಿಬಿಟ್ಟಿದ್ದಳು, ಮರುತಿಂಗಳು ಅವನು ಆ ನಂಬರ್ ಬಸ್ಸು ನಮ್ ರೋಡಲ್ಲಿ ಇಲ್ವೇ ಇಲ್ಲ ಅಂದ, ಬೈಯಲಿಲ್ಲ, ಅಷ್ಟೇ ಅಂದು ತಿರುಗಿ ಹೋದ, ಅಂದಿನಿಂದ ಇಳಿದ ತಕ್ಷಣ ಬಸ್ಸಿನ ಹಿಂದೆ ನಿಂತು ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ, ಸುಳ್ಳು ಹೇಳಬಾರದಲ್ಲ, ಅದೂ ಕೊಂಡಪ್ಪನಂಥವನಿಗೆ.

ಮಜ್ಜಿಗೆ ಚೆಲ್ಲಿತು. ಲೋಟ ತುಂಬ ಇತ್ತು, ಕೊಂಡಪ್ಪನ ಮೊಣಕೈ ತಾಗಿತು, ಬದರಿಯ ಅಂಗಿಯ ಮುಂಭಾಗವೆಲ್ಲ ಒದ್ದೆ, ಅವನು ಒದ್ದೆಯನ್ನು ಸಹಿಸುವವನಲ್ಲ, ಈಗ ಕೂಗುತ್ತಾನೆ, ಈಗ ಕಿವಿ ಮುಚ್ಚಿಕೊಳ್ಳುತ್ತಾನೆ ಎಂದು ಅವಳು ಎದ್ದೇಬಿಟ್ಟಳು, ಅಷ್ಟರಲ್ಲಿ ಗಂಗರತ್ನಮ್ಮ ಒಗೆದ ಅಂಗಿ ಹೆಗಲ ಮೇಲೆ ಹಾಕಿಕೊಂಡು ಬಂದೇ ಬಂದಳು, ಇಲ್ಲಿ ಈ ಸಾಲಿನ ಹನ್ನೊಂದು ಜನರನ್ನು ನೋಡಿಕೊಳ್ಳುವವಳು, ಗಟ್ಟಿ ತೋಳಿನ, ಬಾಯಿ ನಿಲ್ಲದ ಹೆಂಗಸು, ಏನ್ ಬದ್ರಪ್ಪ, ಮಜ್ಜಿಗೆ ಕೊಟ್ಟಿದ್ದು ನಿಂಗೋ ನಿನ್ ಅಂಗಿಗೋ, ಅದ್ಕೂ ಬಾಯಾರಿಕೆ ಆಗಿತ್ತಾ ಪಾಪ, ಎನ್ನುತ್ತ ಹಳೆಯದನ್ನು ಬಿಚ್ಚಿ, ಎದೆ ಒರೆಸಿ, ಹೊಸದರ ತೋಳು ತೂರಿಸಿದಳು, ಆಗ ಬದರಿ ಗಲ್ಲ ಮೇಲಕ್ಕೆ ಎತ್ತಿದ. ಗಲ್ಲ ಎತ್ತಿ, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು, ದರ್ಜಿಯ ಮುಂದೆ ಅಳತೆಗೆ ನಿಂತವನ ಹಾಗೆ, ಜಂತೆಯನ್ನು ನೋಡುತ್ತ ನಿಂತ. ಗಂಗರತ್ನಮ್ಮನ ಬೆರಳುಗಳು ಕತ್ತಿನ ಗುಂಡಿಯಿಂದ ಶುರುಮಾಡಿ ಕೆಳಗೆ ಇಳಿದವು, ಒಂದು ಎರಡು ಮೂರು ನಾಲ್ಕು ಐದು, ಮಾತು ನಿಲ್ಲಲಿಲ್ಲ, ಸೂಳಗಿರಿ ಸಂತೇಲಿ ಹುಣಿಸೆಹಣ್ಣು ಈ ಸತಿ ಕಪ್ಪು ಟೀಚರಮ್ಮ, ತಗಬೇಡಿ, ಎಂದು ಮುಗಿಸುವಷ್ಟರಲ್ಲಿ ಐದೂ ಮುಗಿದಿತ್ತು, ಅವನು ಕೈ ಇಳಿಸಿ ಚಂದ್ರಿಕೆಯ ಕಡೆಗೆ ಹೋದ, ಕೂಗಲಿಲ್ಲ, ಕಿವಿ ಮುಚ್ಚಿಕೊಳ್ಳಲಿಲ್ಲ, ಎಲ್ಲ ಎಷ್ಟು ಸುಸೂತ್ರ, ಎಷ್ಟು ಶುಭ್ರ, ಆದಿಲಕ್ಷ್ಮಿ ಎದ್ದು ನಿಂತಲ್ಲೇ ನಿಂತಿದ್ದಾಳೆ, ಏನೋ ಇಲ್ಲ, ಏನೋ ಆಗಬೇಕಾದದ್ದು ಆಗಲಿಲ್ಲ, ಏನದು — ಅಂಗೈ. ಕೊನೆಯ ಗುಂಡಿ ಆದಮೇಲೆ ಅವನು ಅಂಗೈಯಿಂದ ಅದನ್ನು ಎರಡು ಸಲ ತಟ್ಟಬೇಕು. ತಟ್ಟಲಿಲ್ಲ.

ಎರಡು ಸಲ, ಮೆತ್ತಗೆ, ಕತ್ತಿನ ಹತ್ತಿರ, ಮುಗಿಯಿತು ಎನ್ನುವ ಹಾಗೆ, ಬಾಯಲ್ಲಿ ಬಾರದ ಮಾತಿಗೆ ಬದಲಾಗಿ — ಅದು ಬರಲು ಎರಡು ವರ್ಷ ಹಿಡಿದಿತ್ತು, ಅವನಿಗೆ ಹದಿನೈದಿರಬೇಕು, ಅವಳು ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ ಬಂದ ವರ್ಷ, ಡಾಕ್ಟರು ಒಂದು ಇಂಗ್ಲಿಷ್ ಪದ ಹೇಳಿದ್ದರು, ಆಟಿಸಂ, ಅಮ್ಮ ಅದನ್ನು ಒಂದೆರಡು ಸಲ ಬಾಯಲ್ಲಿ ತಿರುಗಿಸಿ ನೋಡಿ ಬಿಟ್ಟುಬಿಟ್ಟಳು, ಹೆಸರು ಅವರಿಗಿರಲಿ ಆದಿ, ಅಂಗಿ ಗುಂಡಿ ಹೇಗೆ ಕಲಿಸೋದು ಅಂತ ಕೇಳಿದೆಯಾ, ಕೇಳಿರಲಿಲ್ಲ. ಅಮ್ಮ ದರ್ಜಿ ಅಂಜನಪ್ಪನ ಅಂಗಡಿಗೆ ತಾನೇ ಹೋಗಿ ಕೋಟಿನ ದೊಡ್ಡ ಗುಂಡಿಗಳನ್ನು ತಂದಳು, ಹಳೆಯ ದುಪ್ಪಟಿಯ ಅಂಚಿಗೆ ಹೊಲಿದು ಎದುರಿಗೆ ಕಾಜ ಮಾಡಿದಳು, ಮಧ್ಯಾಹ್ನವೆಲ್ಲ ಅವನನ್ನು ಕೂರಿಸಿಕೊಂಡು ಹಾಕುವುದು ತೆಗೆಯುವುದು, ಆಮೇಲೆ ಅಂಗಿಗೆ, ಮೇಲಿನಿಂದ ಹಾಕಿಸಲು ಹೋದರೆ ಗುಂಡಿ ಅವನ ಗಲ್ಲದ ಕೆಳಗೆ ಅಡಗುತ್ತಿತ್ತು, ಕಾಣದ್ದನ್ನು ಅವನ ಬೆರಳು ನಂಬುತ್ತಿರಲಿಲ್ಲ, ಆದ್ದರಿಂದ ಕೆಳಗಿನ ಗುಂಡಿಯಿಂದ, ಅಮ್ಮ ಅಂಗಿಯ ತುದಿಯನ್ನು ಎರಡು ಸಲ ಮೆಲ್ಲಗೆ ಎಳೆಯುವಳು, ಅದು ಸನ್ನೆ, ಅವನ ತಲೆ ಬಗ್ಗುವುದು, ಹೆಬ್ಬೆರಳು ಬರುವುದು, ಗುಂಡಿ ಕಾಜದೊಳಗೆ ತಲೆ ತೂರಿಸಿ ಅಲ್ಲೇ ನಿಂತುಬಿಡುವುದು, ಅರ್ಧ ಒಳಗೆ ಅರ್ಧ ಹೊರಗೆ, ಬಿದಿಗೆಯ ಚಂದ್ರನ ಹಾಗೆ ಅಂಚು ಮಾತ್ರ ಕಾಣುತ್ತ, ಆಗ ಅಮ್ಮ ಉಸಿರು ಬಿಡುತ್ತಿರಲಿಲ್ಲ, ಕೈ ತನ್ನ ಮಡಿಲಲ್ಲೇ ಇಟ್ಟುಕೊಂಡಿರುತ್ತಿದ್ದಳು, ಬಾಗಿಲಲ್ಲಿ ಅಪ್ಪ ಕಚೇರಿಗೆ ಹೊತ್ತಾಯಿತು, ನೀನೇ ಹಾಕಿಬಿಡೇ ಅನ್ನುವರು, ಅಮ್ಮ ತಲೆ ಕೂಡ ತಿರುಗಿಸುತ್ತಿರಲಿಲ್ಲ, ನೀವು ಹೋಗಿ, ಅವನಿಗೆ ಯಾವ ಕಚೇರಿ ಇದೆ. ಇಪ್ಪತ್ತು ನಿಮಿಷ. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಆ ಮನೆ ಒಂದು ಅಂಗಿಗಾಗಿ ಸುಮ್ಮನಿರುತ್ತಿತ್ತು, ಕೊನೆಗೆ ಕತ್ತಿನದು, ಆಮೇಲೆ ಅಂಗೈ, ಎರಡು ಸಲ.

ಗಂಗರತ್ನಮ್ಮ, ಅವನೇ ಹಾಕಿಕೊಳ್ಳೋದಿಲ್ಲವಾ — ಆದಿಲಕ್ಷ್ಮಿಯ ದನಿ ಅವಳಿಗೇ ತೀರ ಸಣ್ಣದಾಗಿ ಕೇಳಿತು — ಗುಂಡಿ. ಯಾರು, ಇವ್ರಾ, ಗಂಗರತ್ನಮ್ಮ ನಕ್ಕಳು, ಕೆಟ್ಟ ನಗುವಲ್ಲ, ಬಂದಾಗಿಂದ ನಾನೇ ಅಲ್ವಾ ಹಾಕೋದು, ಮೊದ್‌ಮೊದ್ಲು ನನ್ ಕೈನ ತಳ್ಳೋರು, ಅಂಗಿ ತುದಿ ಹಿಡ್ಕಂಡು ಬಿಡ್ತಾನೇ ಇರ್ಲಿಲ್ಲ, ಏನ್ ಹಟ ಅಂತೀರಿ, ಒಂದ್ ತಿಂಗ್ಳಲ್ಲಿ ಸರಿಹೋಗ್ಬುಟ್ರು, ಈಗ ನೋಡಿ, ಅಂಗಿ ಕಂಡ್ರೆ ಸಾಕು, ಗಲ್ಲ ಎತ್ತಿ ರೆಡಿ. ಸೇರಿದ್ ದಿನಾನೇ ಆಫೀಸ್ ಸಾರು ಫಾರಂ ಓದಿ ಹೇಳ್ತಾರಲ್ಲ ನಮ್ಗೆ, ಯಾರ್ಗೆ ಏನ್ ಬತ್ತದೆ ಏನ್ ಬರಲ್ಲ ಅಂತ, ಇವ್ರಿಗೆ ಏನೂ ಬರಲ್ಲ, ಎಲ್ಲಾ ನಾವೇ ಮಾಡ್ಬೇಕು ಅಂತ ಬರ್ದಿತ್ತಂತೆ, ಅದ್ರಂತೆ ಮಾಡಿದೀನಿ ತಾಯಿ, ಒಂದ್ ದಿನಾನೂ ತಪ್ಪಿಲ್ಲ. ತಪ್ಪಿಲ್ಲ. ಅಂಗಿಯ ತುದಿ ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ, ಒಂದು ತಿಂಗಳು, ಅವನು ಹೇಳುತ್ತಿದ್ದ, ಇಲ್ಲಿಂದ, ಇಲ್ಲಿಂದ ಶುರುಮಾಡಬೇಕು ಎಂದು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಹೇಳುತ್ತಿದ್ದ, ಮತ್ತು ಆದಿಲಕ್ಷ್ಮಿ ಆ ತಿಂಗಳೂ ಬಂದಿದ್ದಳು, ಅವನ ಉಗುರು ನೋಡಿ ಹೋಗಿದ್ದಳು.

ಎಂಬತ್ತೊಂದರ ನವೆಂಬರು, ಅಮ್ಮನ ಬಲಗೈ ಬಲಗಾಲು ಬಿದ್ದುಹೋಗಿ ನಾಲ್ಕು ತಿಂಗಳು, ಮಂಚದ ಪಕ್ಕದ ಸ್ಟೂಲಿನ ಮೇಲೆ ಬದರಿಯನ್ನು ಇಲ್ಲಿಗೆ ಸೇರಿಸಲು ತುಂಬಬೇಕಾದ ಆ ಫಾರಂ, ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಅಚ್ಚಾದದ್ದು, ಏಳನೆಯ ಪ್ರಶ್ನೆ, ಇವರು ತಾವಾಗಿ ಏನೇನು ಮಾಡಿಕೊಳ್ಳಬಲ್ಲರು, ಕೆಳಗೆ ನಾಲ್ಕು ಗೆರೆ ಜಾಗ, ಅಮ್ಮ ಎಡಗೈ ಬೆರಳು ಮಡಿಸುತ್ತ ಹೇಳಿದಳು, ನಾಲಿಗೆ ಹೊರಳುತ್ತಿರಲಿಲ್ಲ ಆದರೂ ಹೇಳಿದಳು, ಬರಿ ಆದಿ, ಗುಂಡಿ ಹಾಕ್ಕೋತಾನೆ ಕೆಳಗಿನಿಂದ, ಸೊಪ್ಪು ಬಿಡಿಸ್ತಾನೆ, ದುಪ್ಪಟಿ ಮಡಿಸ್ತಾನೆ ಮೂಲೆಗೆ ಮೂಲೆ, ಲೋಟಕ್ಕೆ ನೀರು ಬಗ್ಗಿಸ್ತಾನೆ ಆದರೆ ಅಂಚಿನವರೆಗೂ ತುಂಬಿಸ್ತಾನೆ ಅದನ್ನೂ ಬರಿ. ಅವಳು ಬರೆದಳು. ಆದರೆ ಹಿಂದಿನ ವಾರವಷ್ಟೇ ಬೆಂಗಳೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಳು ಹೆಂಗಸು, ಮಗಳನ್ನು ಎಲ್ಲೋ ಬಿಟ್ಟು ಮತ್ತೆ ಕರೆತಂದವಳು, ಹೇಳಿದ್ದಳು, ಕೆಲಸ ಬರುತ್ತೆ ಅಂತ ಮಾತ್ರ ಬರೀಬೇಡಿ, ಬರುತ್ತೆ ಅಂದ್ರೆ ಬಾವಿ ಸೇದಕ್ಕೆ ಹಾಕ್ತಾರೆ, ಬರಲ್ಲ ಅಂದ್ರೇನೇ ಯಾರಾದ್ರೂ ತಿರುಗಿ ನೋಡೋದು — ಅದು ಎದೆಯಲ್ಲಿ ಕೂತುಬಿಟ್ಟಿತ್ತು, ರಾತ್ರಿ ಬಾಗಿಲ ಚಿಲಕ ಎರಡು ಸಲ ನೋಡುವವಳು ಆದಿಲಕ್ಷ್ಮಿ, ಹಾಲು ಕಾಯಿಸಿ ಮತ್ತೆ ಕಾಯಿಸುವವಳು, ಯಾವುದು ಹೆಚ್ಚು ಭದ್ರವೋ ಅದನ್ನೇ ಬರೆದಳು, ಇಂಗ್ಲಿಷಿನಲ್ಲಿ ಬರೆದಳು, ಅಮ್ಮನಿಗೆ ಕನ್ನಡ ಮಾತ್ರ ಓದಲು ಬರುತ್ತಿತ್ತು, ಒಂದೇ ವಾಕ್ಯ, ವ್ಯಾಕರಣದಲ್ಲಿ ಒಂದು ಕುಂದಿಲ್ಲ, ಈತನಿಗೆ ದಿನನಿತ್ಯದ ಪ್ರತಿಯೊಂದು ಕೆಲಸಕ್ಕೂ ಇತರರ ನೆರವು ಬೇಕು. ಓದು ನೋಡೋಣ ಅಂದಳು ಅಮ್ಮ. ಆದಿಲಕ್ಷ್ಮಿ ಕಾಗದವನ್ನು ಎತ್ತಿ ಹಿಡಿದು ಓದಿದಳು, ಗುಂಡಿ ಹಾಕಿಕೊಳ್ಳುತ್ತಾನೆ, ಕೆಳಗಿನಿಂದ, ಸೊಪ್ಪು ಬಿಡಿಸುತ್ತಾನೆ, ದುಪ್ಪಟಿಯನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸುತ್ತಾನೆ, ಬರೆದಿಲ್ಲದ್ದನ್ನು ಒಂದೊಂದಾಗಿ ಓದಿದಳು, ಕಣ್ಣು ಗೆರೆಯಿಂದ ಗೆರೆಗೆ ಸರಿಯುವ ಹಾಗೆ ಕೂಡ ಮಾಡಿದಳು, ಅಮ್ಮ ಸಮಾಧಾನದಿಂದ ಕಣ್ಣು ಮುಚ್ಚಿದಳು, ಅಂಚಿನವರೆಗೂ ತುಂಬಿಸ್ತಾನೆ ಅನ್ನೋದು, ಅದೂ ಬರೆದಿದೀನಮ್ಮ. ಮರುವರ್ಷ ಅಮ್ಮ ಹೋದಳು, ನೀರು ಅಂಚಿನವರೆಗೂ ತುಂಬುವ ವಿಷಯ ಇಲ್ಲಿ ಯಾರಿಗೋ ಗೊತ್ತಿದೆ ಎಂದುಕೊಂಡೇ ಹೋದಳು.

ಸಾರು ಕರೀತವ್ರೆ, ಆಫೀಸಿಗೆ ಬರ್ಬೇಕಂತೆ — ಹೌದು, ಇವತ್ತು ಸಹಿ, ಮೂರು ವರ್ಷ ತುಂಬಿತಲ್ಲ, ಅದಕ್ಕಾಗಿಯೇ ಅವಳು ಒಳ್ಳೆಯ ಪೆನ್ನು ತಂದಿರುವುದು. ಸೂಪರಿಂಟೆಂಡೆಂಟ್ ವೆಂಕಟಾಚಲ ಅವರು ಕೆಲಮಂಗಲದ ರೇಷ್ಮೆ ಕಚೇರಿಯಿಂದ ನಿವೃತ್ತರಾದವರು, ತೆಳ್ಳಗಿನ ಮನುಷ್ಯ, ಎಲ್ಲ ಕಾಗದವನ್ನೂ ಮೂಲೆಗೆ ಮೂಲೆ ಸೇರಿಸಿ ಇಡುವವರು, ವಾಂಗಮ್ಮ, ಉಕ್ಕಾರುಂಗ, ಎಂದು ತಮಿಳಿನಲ್ಲಿ ಶುರುಮಾಡಿ, ಕೂತ್ಕೊಳ್ಳಿ ಟೀಚರ್, ನಿಮಗೆ ತೊಂದರೆ ಬೇಡ ಅಂತ ನಾನೇ ತುಂಬಿಸಿಬಿಟ್ಟಿದೀನಿ, ಹಳೇದನ್ನೇ ನೋಡಿ ಇಳಿಸಿದ್ದು, ಮಾರ್ಪಾಡು ಏನಿಲ್ಲವಲ್ಲ, ಇದಕ್ಕೊಂದು ಸಹಿ ಹಾಕಿದರೆ ಬದರೀನಾಥ ಇನ್ನು ಕಾಯಂ, ಮತ್ತೆ ಮತ್ತೆ ಫಾರಂ ಕೇಳಲ್ಲ. ಏಳನೆಯ ಪ್ರಶ್ನೆ, ಕೆಳಗೆ ಅವರ ದುಂಡನೆಯ ಅಕ್ಷರದಲ್ಲಿ ಅವಳ ವಾಕ್ಯ. ಅವಳು ನೋಡುತ್ತಿರುವುದನ್ನು ಅವರು ಬೇರೆಯಾಗಿ ತಿಳಿದರು, ಬಹಳ ನೀಟಾದ ವಾಕ್ಯ ಟೀಚರ್, ಸೇರಿಸೋಕೆ ಬರೋರು ಏಳನೇದಕ್ಕೆ ಬಂದು ಪೆನ್ನು ಕಚ್ಚುತ್ತಾ ಕೂತ್ಕೋತಾರೆ, ನಾನು ನಿಮ್ಮದನ್ನ ಮಾದರಿ ಅಂತ ತೋರಿಸ್ತೀನಿ, ನೋಡಿ ಬರ್ಕೊಳ್ತಾರೆ, ಈ ಸಾಲಲ್ಲಿ ಒಂಬತ್ತು ಫಾರಮ್ಮಲ್ಲಿ ಅದೇ ಇರೋದು. ಒಂಬತ್ತು. ಅವರ ಹೆಗಲಿನಾಚೆ ಜಾಲರಿ, ಜಾಲರಿಯಾಚೆ ಹಜಾರ, ಸಂಜೆಯ ಅಂಗಿ ಬದಲಾಯಿಸುವ ಹೊತ್ತು, ಗಂಗರತ್ನಮ್ಮ ಸಾಲಿನ ಆ ತುದಿಯಿಂದ ಬರುತ್ತಿದ್ದಾಳೆ, ಅವಳಿನ್ನೂ ತಲುಪದವರೂ ಆಗಲೇ ಗಲ್ಲ ಎತ್ತಿ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಾರೆ, ಎಲ್ಲರೂ ಜಂತೆ ನೋಡುತ್ತ, ಶುಭ್ರವಾಗಿ, ಯಾರ ಮೈಮೇಲೂ ಒಂದು ಗಾಯವಿಲ್ಲ — ಸಾರ್, ಅದು ನಿಜವಲ್ಲ. ಹೇಳಿಯಾಯಿತು. ಯಾವುದಮ್ಮ, ಆ ವಾಕ್ಯ ಸಾರ್, ಅವನಿಗೆ ಗುಂಡಿ ಹಾಕಿಕೊಳ್ಳೋಕೆ ಬರುತ್ತಿತ್ತು, ನಮ್ಮಮ್ಮ ಕಲಿಸಿದ್ದರು, ನಾನು ಬೇಕಂತಲೇ ಬರೆಯಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು, ಕೋಪ ಮಾಡಿಕೊಳ್ಳಲಿಲ್ಲ, ಮಾಡಿಕೊಂಡಿದ್ದರೆ ಹಗುರವಾಗುತ್ತಿತ್ತು, ನಾವು ಬರೆದದ್ದನ್ನ ನಂಬ್ತೀವಮ್ಮ, ಬೇರೆ ದಾರಿ ಏನಿದೆ, ಅವರು ಬಾಯಿ ಬಿಟ್ಟು ಹೇಳಲ್ಲವಲ್ಲ. ಆಮೇಲೆ, ನಿಯಮದ ಪ್ರಕಾರ ತಾವಾಗಿ ಮಾಡ್ಕೊಳ್ಳೋರು ಆಚೆ ಸಾಲಿಗೆ ಹೋಗ್ಬೇಕು, ಹಿಪ್ಪುನೇರಳೆ ತೋಟದ ಕೆಲಸ, ಅಲ್ಲಿ ಮುನಿಯಪ್ಪ ನೋಡ್ಕೋತಾನೆ, ಒಳ್ಳೆಯವನೇ, ಗಂಟಲು ಸ್ವಲ್ಪ ಜೋರು, ಗಂಗರತ್ನಮ್ಮ ಇರಲ್ಲ. ಗಂಟಲು ಜೋರು, ಬದರಿ ಕಿವಿ ಮುಚ್ಚಿಕೊಳ್ಳುತ್ತಾನೆ, ಹಾಗಾದರೆ ಹೇಗೆ, ಬರೆದರೆ ಗಂಗರತ್ನಮ್ಮ ಹೋಗುತ್ತಾಳೆ, ಬರೆಯದಿದ್ದರೆ ಗುಂಡಿ ಹೋಗುತ್ತದೆ, ಮತ್ತು ಗುಂಡಿ ಅವನಿಗೆ ಇನ್ನೂ ಬರುತ್ತದೆಯೋ ಇಲ್ಲವೋ ಅದೂ ಗೊತ್ತಿಲ್ಲ, ಮೂರು ವರ್ಷ, ಸಾವಿರ ಬೆಳಗುಗಳು, ಬರೆದ ದಿನ ಸುಳ್ಳಾಗಿದ್ದ ವಾಕ್ಯವನ್ನು ಇಲ್ಲಿಯವರು ದಿನಾ ನೀರೆರೆದು ನಿಜ ಮಾಡಿಬಿಟ್ಟಿರಬಹುದು, ಹಾಗಿದ್ದರೆ ಅವಳಿಗೆ ಇವತ್ತು ಸಹಿ ಹಾಕುವುದು ಎಷ್ಟು ಸುಲಭ. ನೋಡ್ಬಿಟ್ಟು ಬನ್ನಿ, ಎಂದು ವೆಂಕಟಾಚಲ ಅವರು ಬೇರೊಂದು ಫಾರಂ ತೆಗೆದುಕೊಟ್ಟರು, ಬರೆಯದ್ದು, ಏಳನೆಯದರ ಕೆಳಗೆ ನಾಲ್ಕು ಖಾಲಿ ಗೆರೆ, ಬರುತ್ತೆ ಅಂದ್ರೆ ಬರುತ್ತೆ ಅಂತ ಬರೀರಿ, ಸಾಲಿನ ವಿಷಯ ಕಮಿಟಿಯವರ ಹತ್ರ ಕೇಳ್ತೀನಿ, ಆಗುತ್ತೆ ಅಂತ ಈಗಲೇ ಹೇಳಲ್ಲ.

ಬದರಿ ಇನ್ನೂ ಚಂದ್ರಿಕೆಯ ಮುಂದೆಯೇ ಇದ್ದ. ಅವಳು ಅವನನ್ನು ಬೆಂಚಿನ ಹತ್ತಿರ ಕರೆತಂದು ನಿಲ್ಲಿಸಿ, ಅಂಗಿಯ ಐದೂ ಗುಂಡಿಗಳನ್ನು ಬಿಚ್ಚಿ, ಎದುರಿಗೆ ಕೂತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವನು ಗಲ್ಲ ಎತ್ತಿದ. ಕೈಗಳು ಮೈಯಿಂದ ದೂರ ಹೋದವು. ಅವಳು ಕಾದಳು, ಅವನೂ ಕಾದ, ಹೆದ್ದಾರಿಯ ಕಡೆಯಿಂದ ಲಾರಿಯ ಸದ್ದು ಬಂದು ಹೋಯಿತು, ಅವನ ತೋಳುಗಳು ಸೋಲುತ್ತಿವೆ, ಸೋತರೂ ಇಳಿಸುತ್ತಿಲ್ಲ, ಅಷ್ಟು ಚೆನ್ನಾಗಿ ಕಲಿತಿದ್ದಾನೆ ಇದನ್ನೂ, ಹಜಾರದಿಂದ ಬಂದ ಗಂಗರತ್ನಮ್ಮ ಅಯ್ಯೋ ಗಾಳೀಲಿ ನಿಲ್ಸಿದೀರಲ್ಲ ಎಂದು ಕೈ ಚಾಚಿದಳು, ಬೇಡ ಗಂಗರತ್ನಮ್ಮ, ಅವನಿಗೆ ಬರುತ್ತಿತ್ತು, ನಾನೇ ಬರಲ್ಲ ಅಂತ ಬರೆದಿದ್ದೆ. ಚಾಚಿದ ಕೈ ಅಲ್ಲೇ ನಿಂತಿತು. ಬತ್ತಿತ್ತಾ, ಎಂದಳು ಗಂಗರತ್ನಮ್ಮ, ಮೊದಲ ಬಾರಿಗೆ ಅವಳ ದನಿ ಇಳಿದಿತ್ತು, ಅಂಗಾದ್ರೆ ಆವತ್ತು ಅಂಗಿ ತುದಿ ಹಿಡ್ಕಂಡಿದ್ದು ಹಟ ಅಲ್ವಾ, ಒಂದ್ ಮಾತು ಹೇಳಿದ್ರೆ ಕಾಯ್ತಿದ್ನಲ್ಲ ಟೀಚರಮ್ಮ, ಕಾಯಾದೇನ್ ನಂಗೆ ಬರಲ್ವಾ. ಕೊಂಡಪ್ಪ ಕಟ್ಟೆಯ ಮೇಲಿನಿಂದ ನಾಲ್ಕೂ ಹತ್ತರ ಬಸ್ಸು ಬತ್ತದೆ ಅಂದ, ಬರಲಿ, ಹೋಗಲಿ, ಇನ್ನೊಂದಿದೆ ಅಣ್ಣ ಐದೂವರೆಗೆ, ಅದರ ನಂಬರು ಬರೆದುಕೊಂಡು ಬರ್ತೀನಿ, ಅವನಿಗೆ ಯಾವ ಕಚೇರಿ ಇದೆ, ನನಗೆ ತಾನೇ ಯಾವುದಿದೆ, ಇಪ್ಪತ್ತು ನಿಮಿಷ, ಅಮ್ಮ ಏನು ಮಾಡುತ್ತಿದ್ದಳು, ಅಂಗಿಯ ತುದಿ, ಅವಳ ಕೈ ಮಡಿಲಿನಿಂದ ಎದ್ದಿತು, ತುದಿಯನ್ನು ಹಿಡಿಯಿತು, ಮೆಲ್ಲಗೆ ಎಳೆಯಿತು, ಎರಡು ಸಲ, ಮತ್ತೆ ಮಡಿಲಿಗೆ ಬಂತು. ಗಲ್ಲ ಮೇಲೆಯೇ ಇದೆ. ಗಲ್ಲದ ಕೆಳಗೆ ಕ್ಷೌರದಲ್ಲಿ ತಪ್ಪಿಹೋದ ಎರಡು ಕೂದಲು, ಅವು ಅಲುಗಿದವು, ಗಲ್ಲ ಇಳಿಯಿತು, ಕಣ್ಣು ಜಂತೆಯನ್ನು ಬಿಟ್ಟು ಇಳಿಯಿತು, ಎಡಗೈ ಬಂತು, ಬಲಗೈ ಬಂತು, ಎಷ್ಟೋ ದೂರದಿಂದ ನಡೆದು ಬಂದವರ ಹಾಗೆ, ಹೆಬ್ಬೆರಳು ಕೆಳಗಿನ ಗುಂಡಿಯನ್ನು ಮುಟ್ಟಿತು, ಜಾರಿತು, ಮುಟ್ಟಿತು, ಪಕ್ಕದಲ್ಲಿ ಗಂಗರತ್ನಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಾಳೆ, ತೊಡೆಯ ಮೇಲೆ ಬರೆಯದ ಫಾರಂ, ಕ್ಯಾಪು ತೆಗೆದ ಪೆನ್ನು, ಗುಂಡಿ ಕಾಜದ ಬಾಯಿಗೆ ಬಂತು, ತಲೆ ತೂರಿಸಿತು, ನಿಂತಿತು, ಅರ್ಧ ಒಳಗೆ ಅರ್ಧ ಹೊರಗೆ, ಅಂಚು ಮಾತ್ರ ಕಾಣುತ್ತಿದೆ, ಬಿಳಿ ಅಂಚು, ಯಾರೂ ಉಸಿರು ಬಿಡುತ್ತಿಲ್ಲ, ಅರ್ಧ ಒಳಗೆ, ಅರ್ಧ ಹೊರಗೆ